ಚೀಟಿಯ ಮೊದಲ ಸಾಲು

ನನ್ನ ಕೈಗೆ ಡಿಗ್ರಿ ಬರುವುದು ಆಗದ ಮಾತು ಎಂದು ಮೊಟ್ಟಮೊದಲು ಹೇಳಿದವಳು ನನ್ನ ಸೋದರತ್ತೆ. ಅಪ್ಪನ ಬೆನ್ನಿಗೆ ಹುಟ್ಟಿದ ತಂಗಿ. ಗಂಡ ತೀರಿಕೊಂಡ ಮೇಲೆ ಆಳಂದದಲ್ಲಿ ಎರಡು ಎಮ್ಮೆ ಕಟ್ಟಿಕೊಂಡು, ಹಾಲು ಮಾರಿ ಮಗನನ್ನು ಸಾಕಿದವಳು. ನಾನು ಪಿಯುಸಿ ಪಾಸಾದ ವರ್ಷ ಊರಿಗೆ ಬಂದಿದ್ದಳು. ಅವ್ವ ಕೊಟ್ಟ ಚಹಾವನ್ನು ಬಸಿಗೆ ಸುರಿದುಕೊಂಡು ಊದುತ್ತಾ ಅಂದಳು:

"ವೈನಿ, ನಮ್ಮ ಎಮ್ಮಿಗಿ ರೆಕ್ಕಿ ಬಂದ ದಿನ ನಿನ್ನ ಮಗಳು ಡಿಗ್ರಿ ತಗೋತಾಳ. ಸುಣ್ಣ ಹಚ್ಚೋರ ಮನ್ಯಾಗ ಅದೆಲ್ಲ ಎಲ್ಲಿಂದ ಬರಬೇಕು? ಸುಮ್ಮ ನನಗ ಕೊಟ್ಟುಬಿಡು ಹುಡುಗೀನ. ನನ್ನ ಮಗ ಏನು ಕುಂಟ ಅದಾನೋ, ಕುರುಡ ಅದಾನೋ?"

ಅವ್ವ ಒಲೆಯ ಮುಂದಿನಿಂದ ತಿರುಗಿಯೂ ನೋಡಲಿಲ್ಲ. "ನಿನ್ನ ಎಮ್ಮಿಗಿ ಇವತ್ತಿಂದ ಜರಾ ಹಿಂಡಿ ಜಾಸ್ತಿ ಹಾಕು. ರೆಕ್ಕಿ ಲಗೂನ ಬರಲಿ" ಅಂದಳು.

ಅತ್ತೆಯ ಮಗ ಕೆಟ್ಟವನಲ್ಲ. ಕಬ್ಬಿನ ಹಂಗಾಮಿನಲ್ಲಿ ಭೂಸನೂರಿನ ಫ್ಯಾಕ್ಟರಿಗೆ ಟ್ರ್ಯಾಕ್ಟರ್ ಹೊಡೆಯುತ್ತಿದ್ದ. ಹಂಗಾಮು ಮುಗಿದರೆ ಉಳಿದ ತಿಂಗಳು ಮನೆಯಲ್ಲಿ. ನಮ್ಮಲ್ಲಿ ಸೋದರತ್ತೆಯ ಮಗನಿಗೆ ಹುಡುಗಿ ಕೊಡುವುದು ಕೇಳಿ ಮಾಡುವ ವ್ಯವಹಾರವಲ್ಲ, ಹುಟ್ಟಿದಾಗಲೇ ಆಗಿಹೋದ ಮಾತು. ಆ ಮಾತಿಗೆ ಅವ್ವ ಅಡ್ಡ ನಿಂತಿದ್ದಳು. ಹಾಗಾಗಿ ನಾನು ಓದಿದೆ. ನನ್ನ ಜಾಣತನದಿಂದ ಓದಿದೆ ಎಂದು ಹೇಳಿಕೊಳ್ಳಲು ನನಗೂ ಆಸೆ ಇದೆ. ಆದರೆ ತೊಗರಿ ಹೊಲದಲ್ಲಿ ಬಗ್ಗಿದ ಅವ್ವನ ಸೊಂಟದ ಮೇಲೆ ನಿಂತು ಓದಿದ್ದು.

ಅಪ್ಪ ಸುಣ್ಣ ಹಚ್ಚುವವನು. ನಮ್ಮ ಹಳ್ಳಿ ಚೌಡಾಪುರದಿಂದ ಒಳಕ್ಕೆ, ನಡೆದು ಹೋಗುವಷ್ಟು ದೂರ. ಕ್ರೈಸ್ತರದು ಏಳು ಮನೆ, ಒಂದು ಸಣ್ಣ ಪ್ರಾರ್ಥನಾಮಂದಿರ. ಪಾಸ್ಟರು ತಿಂಗಳಿಗೊಮ್ಮೆ ಅಫಜಲಪುರದಿಂದ ಬರುತ್ತಿದ್ದರು. ಉಳಿದ ಭಾನುವಾರ ಸಭೆ ನಡೆಸುವವನು ಅಪ್ಪ. ಓದಿದ್ದು ನಾಲ್ಕನೇ ಇಯತ್ತೆ. ಬೈಬಲ್ಲನ್ನು ಅಕ್ಷರದ ಕೆಳಗೆ ಬೆರಳಿಟ್ಟು ಓದುತ್ತಿದ್ದ. ಸುಣ್ಣ ತಿಂದು ಬಿರುಕು ಬಿಟ್ಟ ಬೆರಳು. ಅವನು ಓದಿದ ಪುಟ ಯಾವುದು ಎಂದು ಯಾರಾದರೂ ಹೇಳಬಹುದಿತ್ತು, ಅಂಚಿನಲ್ಲಿ ಬಿಳಿ ಗುರುತು ಇರುತ್ತಿತ್ತು.

ಅಪ್ಪನಿಗೆ ಒಂದು ನೇಮ ಇತ್ತು. ಯಾರ ಮನೆಯಲ್ಲಿ ಪ್ರಾರ್ಥನೆ ಮಾಡಿದರೂ ಅಲ್ಲಿ ಚಹಾ ಸಹ ಕುಡಿಯುತ್ತಿರಲಿಲ್ಲ. ಸುಣ್ಣ ಹಚ್ಚಲು ಹೋದ ಮನೆಯವರು, "ಮಗಳಿಗೆ ಆರಾಮಿಲ್ಲ, ಜರಾ ಪ್ರಾರ್ಥನಿ ಮಾಡು" ಎಂದರೆ ಮಾಡುತ್ತಿದ್ದ, ಆಮೇಲೆ ಆ ಮನೆಯ ಸುಣ್ಣದ ಕೂಲಿಯನ್ನೂ ಬಿಡುತ್ತಿದ್ದ. ನಾನು ಸಣ್ಣವಳಿದ್ದಾಗ ಕೇಳಿದ್ದೆ, ಯಾಕೆ ಅಂತ.

"ಸುಣ್ಣಕ್ಕ ರೊಕ್ಕ ತಗೋತೇನಿ, ಯಾಕಂದ್ರ ಸುಣ್ಣ ನಂದು. ಪ್ರಾರ್ಥನಿ ನಂದಲ್ಲ."

"ಸುಣ್ಣದ್ದಷ್ಟೇ ತಗೋ ಮತ್ತ."

"ಎರಡೂ ಕೆಲಸ ಒಂದ ಮನ್ಯಾಗ ಮಾಡಿ ರೊಕ್ಕ ತಗೊಂಡ್ರ, ಅದು ಯಾವುದರ ರೊಕ್ಕ ಅಂತ ನನಗ ಗೊತ್ತಿರ್ತದ. ಅವರಿಗಿ ಗೊತ್ತಿರೂದಿಲ್ಲ."

ಇಂಥ ನೇಮ ಊರಿಗೆ ತಿಳಿಯದೆ ಇರುತ್ತದೆಯೇ? ನಮ್ಮೂರ ಗೌಡರಿಗೆ ಮೊದಲು ತಿಳಿಯಿತು. ಅವರ ವಾಡೆಗೆ ಸುಣ್ಣ ಹಚ್ಚಲು ಆರು ದಿನ ಬೇಕು. ಐದು ದಿನ ಗೌಡರು ಗಟ್ಟಿಯಾಗಿ ಓಡಾಡಿಕೊಂಡಿರುತ್ತಿದ್ದರು. ಆರನೇ ದಿನ, ಕೂಲಿ ಕೊಡುವ ದಿನ, ಅವರಿಗೆ ತಲೆನೋವು ಬರುತ್ತಿತ್ತು. "ಏ, ಜರಾ ಬಾರೋ, ತಲಿ ಮ್ಯಾಲ ಕೈ ಇಟ್ಟು ನಿಮ್ಮ ಯೇಸಪ್ಪಗ ಹೇಳು." ಅಪ್ಪ ಕೈ ತೊಳೆದುಕೊಂಡು ಹೋಗಿ ಕೈ ಇಡುತ್ತಿದ್ದ. ಬರಿಗೈಯಲ್ಲಿ ಮನೆಗೆ ಬರುತ್ತಿದ್ದ. ವರ್ಷಕ್ಕೊಮ್ಮೆ ತಪ್ಪದೆ ಬರುವ ತಲೆನೋವು ಅದು.

ಅವ್ವ ರೊಟ್ಟಿ ಬಡಿಯುತ್ತಾ, ರೊಟ್ಟಿಗಿಂತ ಜೋರಾಗಿ ಹಲಗೆ ಬಡಿಯುತ್ತಾ ಅನ್ನುತ್ತಿದ್ದಳು: "ಗೌಡನ ತಲಿ ವಾಸಿ ಆಯ್ತಲ್ಲ? ಇನ್ನ ನನ್ನ ತಲಿ ಮ್ಯಾಲ ಕೈ ಇಡ್ರಿ. ನನ್ನ ತಲಿ ಖರೇನ ನೋಯಾಕತ್ತದ."

ನನಗೆ ಅಪ್ಪನ ಮೇಲೆ ಸಿಟ್ಟಿತ್ತು. ಇದನ್ನು ಮುಚ್ಚಿಡುವುದಿಲ್ಲ. ಅಫಜಲಪುರದ ಕಾಲೇಜಿಗೆ ಸೇರಿದ ಮೇಲೆ ಸಿಟ್ಟು ಹೆಚ್ಚಾಯಿತು. ಚೌಡಾಪುರದಲ್ಲಿ ಬಸ್ಸು ನಿಲ್ಲದೆ ಹೋದ ದಿನ ಓಡಿದ್ದೇನೆ. ಸುಣ್ಣದ ವಾಸನೆಯ ಚೀಲ ಹೊತ್ತು ಬೆಂಚಿನ ತುದಿಯಲ್ಲಿ ಕೂತಿದ್ದೇನೆ. ಶನಿವಾರ ಭಾನುವಾರ ಮಂದಿಯ ಹೊಲದಲ್ಲಿ ಕಳೆ ಕಿತ್ತು ನೋಟ್ಸಿನ ಝೆರಾಕ್ಸ್ ಮಾಡಿಸಿದ್ದೇನೆ. ನಮ್ಮ ವಂಶದಲ್ಲಿ ಹಾಲ್ ಟಿಕೆಟ್ ಎಂಬ ಕಾಗದ ಕಂಡವಳು ನಾನೇ ಮೊದಲಿಗಳು, ಆ ಹೆಮ್ಮೆ ಇವತ್ತಿಗೂ ಇದೆ, ಬಿಡುವುದಿಲ್ಲ. ಆದರೆ ಆಗ ನನ್ನ ತಲೆಯಲ್ಲಿ ಒಂದೇ ಲೆಕ್ಕ: ದೇವರಿಗಾಗಿ ಇಷ್ಟು ಬಿಟ್ಟ ಮನುಷ್ಯನಿಗೆ ದೇವರು ಯಾಕೆ ಏನೂ ಕೊಡುವುದಿಲ್ಲ?

ನಾನು ಆರನೇ ಸೆಮಿಸ್ಟರಿನಲ್ಲಿದ್ದಾಗ ಅವ್ವನ ಹೊಟ್ಟೆಯಲ್ಲಿ ಗಡ್ಡೆ ಇದೆ ಎಂದು ಗೊತ್ತಾಯಿತು. ಕಲಬುರಗಿಯ ಆಸ್ಪತ್ರೆಯ ಡಾಕ್ಟರು ಒಳ್ಳೆಯ ಮನುಷ್ಯ. ಕಾಗದದ ಮೇಲೆ ಚಿತ್ರ ಬರೆದು ತೋರಿಸಿ, "ಈಗ ತೆಗೆದರೆ ಸಣ್ಣ ಕೆಲಸ, ತಡ ಮಾಡಬೇಡಿ" ಎಂದು ಹೇಳಿ ತಾರೀಖು ಕೊಟ್ಟರು. ಆಪರೇಷನ್ನಿಗೆ ಬಿಪಿಎಲ್ ಕಾರ್ಡು ನಡೆಯುತ್ತದೆ. ಹೊರಗಿನ ಪರೀಕ್ಷೆಗಳು, ರಕ್ತ, ಹದಿನೈದು ದಿನ ಅಲ್ಲಿ ಉಳಿಯುವ ಖರ್ಚು ನಮ್ಮದು.

ಊರಿಗೆ ಬಂದು ಅವ್ವ ಜೋಳದ ಡಬ್ಬಿಯೊಳಗೆ ಮೊಣಕೈವರೆಗೆ ಕೈ ಹಾಕಿ ಒಂದು ಬಟ್ಟೆಯ ಗಂಟು ತೆಗೆದಳು. ಬೋರಮಾಳ ಸರ. ಜೇವರ್ಗಿ ಕಡೆಯ ಅವಳ ತವರಿನಿಂದ ಬಂದ ಒಂದೇ ಒಂದು ಬಂಗಾರ. ತವರಿನಲ್ಲಿ ಈಗ ಯಾರೂ ಉಳಿದಿರಲಿಲ್ಲ, ಸರ ಉಳಿದಿತ್ತು. ಹಬ್ಬಕ್ಕೆ ಮಾತ್ರ ಹಾಕಿಕೊಳ್ಳುತ್ತಿದ್ದಳು.

"ಇದು ನಿನ್ನ ಮದವಿಗಿ ಅಂತ ಇಟ್ಟಿದ್ದೆ ಬೇ. ಆದ್ರ ನಿನ್ನ ಮದವಿ ನೋಡಾಕ ನಾ ಇರಬೇಕಲ್ಲ. ಆಳಂದಕ್ಕ ಹೋಗು, ನಿಮ್ಮ ಅತ್ತಿಗಿ ಅಲ್ಲಿ ಪತ್ತಾರ ಗುರ್ತದಾನ. ಮಾರಿಕೊಂಡು ಬಾ."

ಸರಕ್ಕಿಂತ ದೊಡ್ಡ ತೊಡಕು ಬೇರೆ ಇತ್ತು. ಡಾಕ್ಟರು ಕೊಟ್ಟ ತಾರೀಖು ನನ್ನ ಎರಡನೇ ಮತ್ತು ಮೂರನೇ ಪೇಪರಿನ ನಡುವೆ ಬಿದ್ದಿತ್ತು. ಹೆಂಗಸರ ವಾರ್ಡಿನಲ್ಲಿ ರಾತ್ರಿ ಗಂಡಸರನ್ನು ಬಿಡುವುದಿಲ್ಲ; ಅವ್ವನ ಜೊತೆ ಉಳಿಯಲು ಹೆಂಗಸೇ ಬೇಕು. ಓಣಿಯ ಹೆಂಗಸರಿಗೆ ಬಿತ್ತಿಗೆಯ ಕಾಲ, ದಿನಗೂಲಿ ಬಿಟ್ಟು ಹದಿನೈದು ದಿನ ಬನ್ನಿ ಎಂದು ಕೇಳುವ ಬಾಯಿ ನನಗಿರಲಿಲ್ಲ. ಉಳಿದವಳು ಅತ್ತೆ ಒಬ್ಬಳೇ. ಫೋನ್ ಮಾಡಿದೆ.

"ನಾ ಬಂದ್ರ ಎಮ್ಮಿ ಹಿಂಡೋರು ಯಾರು ಬೇ?" ಅಂದಳು.

"ಭಾವ ಮನ್ಯಾಗ ಅದಾನಲ್ಲತ್ತಿ?"

"ಅವನ್ನ ಎಮ್ಮಿ ಹತ್ರ ಬಿಟ್ಟಗೊಡೂದಿಲ್ಲ. ಮೊನ್ನಿ ಒದ್ದು ಬಕೀಟು ಚಲ್ಲಿಬಿಟ್ಟದ. ನೀನ ಉಳಿ. ಪರೀಕ್ಷಿ ಮುಂದಿನ ವರ್ಷಾನೂ ಬರ್ತದ. ಅವ್ವ ಬರ್ತಾಳೇನು?"

ಪರೀಕ್ಷೆ ಬಿಡಬೇಕಿತ್ತು, ಅಷ್ಟೇ. ಒಂದು ವರ್ಷ. ಆದರೆ ಒಂದು ವರ್ಷ ತಪ್ಪಿದರೆ ಈ ಮನೆಯಿಂದ ಕಾಲೇಜಿಗೆ ಮತ್ತೆ ಹೋಗುವುದು ಆಗದು ಎಂದು ನನಗೆ ಗೊತ್ತಿತ್ತು. ಅತ್ತೆಗೂ ಗೊತ್ತಿತ್ತು.

ಸರ ತೆಗೆದುಕೊಂಡು ಆಳಂದಕ್ಕೆ ಹೋದ ದಿನ ಶುಕ್ರವಾರ. ಅಪ್ಪ ಗಾಣಗಾಪುರದಲ್ಲಿದ್ದ, ಹುಣ್ಣಿಮೆಯ ಜನ ಬರುವ ಮುಂಚೆ ಅಲ್ಲಿಯ ಲಾಡ್ಜಿನ ಕೋಣೆಗಳಿಗೆಲ್ಲ ಸುಣ್ಣ ಆಗಬೇಕು, ಅಲ್ಲೇ ಮಲಗಿ ಕೆಲಸ ಮುಗಿಸುತ್ತಿದ್ದ. ಅತ್ತೆ ಸ್ಟ್ಯಾಂಡಿಗೆ ಬಂದು, "ಪತ್ತಾರ ಎಲ್ಲಿ ಓಡಿ ಹೋಗ್ತಾನ, ಮೊದ್ಲ ಉಪವಾಸ ಪ್ರಾರ್ಥನಿಗಿ ನಡಿ" ಎಂದು ಕೈ ಹಿಡಿದುಕೊಂಡು ನಡೆದಳು.

ಊರ ಹೊರಗೆ ತಗಡಿನ ದೊಡ್ಡ ಶೆಡ್ಡು. ಎರಡು ವರ್ಷದ ಹಿಂದೆ ಒಬ್ಬ ಪಾಸ್ಟರು ಬಂದು ಕಟ್ಟಿಸಿದ್ದು. ಅವರು ಯಾವ ಸಭೆಗೂ ಸೇರಿದವರಲ್ಲ, ಅದು ಅವರದೇ ಸಭೆ. ಒಳಗೆ ಕೀಬೋರ್ಡು, ಡ್ರಮ್ಮು, ನೆತ್ತಿ ಸುಡುವ ಸೆಕೆ, ಐದಾರು ನೂರು ಜನ. ಪಾಸ್ಟರು ಮೈಕಿನಲ್ಲಿ ಕೇಳಿದರು:

"ಬಿತ್ತಿಗಿ ಕಾಲ ಬಂದದ. ಬೀಜ ಚೀಲದಾಗ ಕಟ್ಟಿಟ್ಟು, ದೇವ್ರೇ ಬೆಳಿ ಕೊಡು ಅಂದ್ರ ಭೂಮಿ ಕೊಡ್ತದೇನ್ರಿ?"

"ಇಲ್ರೀ" ಅಂದರು ಜನ.

"ಕೈಯಾಗ ಏನದ ಅದನ್ನ ಬಿತ್ರಿ. ಎಷ್ಟು ಬಿತ್ತತೀರಿ ಅಷ್ಟು ಬೆಳಿತದ."

ನಮ್ಮ ಕಡೆಯ ಜನಕ್ಕೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಜೂನಿನ ಮೊದಲ ಮಳೆ ಬಿದ್ದಿದೆ, ಎಲ್ಲರ ಮನೆಯಲ್ಲೂ ತೊಗರಿ ಬೀಜ ಚೀಲದಲ್ಲಿ ಕಾಯುತ್ತಿದೆ. ಬಿತ್ತುವವನು ಕೊಟ್ಟದ್ದನ್ನು ಕಳೆದುಕೊಳ್ಳುವುದಿಲ್ಲ ಎಂದು ನಂಬಿ ಬದುಕಿದ ಜನ ನಾವು. ಪಾಸ್ಟರು ಅದನ್ನು ಬಲ್ಲವರಾಗಿದ್ದರು.

ಗುಲಾಬಿ ಬಣ್ಣದ ಚೀಟಿ ಹಂಚಿದರು. ಅದರಲ್ಲಿ ಒಂದು, ಎರಡು, ಮೂರು ಎಂದು ನಂಬರು ಹಾಕಿದ ಮೂರು ಗೆರೆ. "ಮೊದಲನೇ ಸಾಲಿನಾಗ ನಿಮ್ಮ ಎದಿಯಾಗ ಎಲ್ಲಾದರಕಿಂತ ಮ್ಯಾಲ ಏನದ ಅದನ್ನ ಬರೀರಿ. ದೇವ್ರು ಮೊದ್ಲ ಅದನ್ನ ಓದ್ತಾನ." ಬರೆಯಲು ಬಾರದವರಿಗೆ ಬರೆದುಕೊಡಲು ಪೆನ್ನು ಹಿಡಿದ ಹುಡುಗಿಯರು ಓಡಾಡುತ್ತಿದ್ದರು. ಅತ್ತೆ ಒಬ್ಬಳನ್ನು ಕರೆದು, ಬಾಯಿಗೆ ಸೆರಗು ಅಡ್ಡ ಹಿಡಿದು ಅವಳ ಕಿವಿಯಲ್ಲಿ ಏನೋ ಹೇಳಿ ಬರೆಸಿದಳು. ಕಾಲಿನ ಬೆಳ್ಳಿ ಚೈನು ಬಿಚ್ಚಿ ಚೀಟಿಯ ಜೊತೆ ಕವರಿಗೆ ಹಾಕಿದಳು. ನಾನು ಅವ್ವನ ಆರೋಗ್ಯಕ್ಕೆ ಎಂದುಕೊಂಡೆ, ಕಣ್ಣು ತುಂಬಿ ಬಂತು.

ನಾನು ನನ್ನ ಚೀಟಿ ಬರೆದೆ. ಚೆಂದದ ಅಕ್ಷರ ನಂದು.

ಒಂದನೇ ಸಾಲಿನಲ್ಲಿ ಬರೆದೆ: ನನ್ನ ಡಿಗ್ರಿ, ಫಸ್ಟ್ ಕ್ಲಾಸ್.

ಎರಡನೇ ಸಾಲಿನಲ್ಲಿ: ಅವ್ವನ ಹೊಟ್ಟೆಯ ಗಡ್ಡೆ ಕರಗಲಿ.

ಮೂರನೇ ಸಾಲು ಖಾಲಿ ಬಿಟ್ಟೆ.

ಯಾರೂ ಒತ್ತಾಯ ಮಾಡಲಿಲ್ಲ. ಪಾಸ್ಟರಿಗೆ ನನ್ನ ಪರೀಕ್ಷೆಯ ವಿಷಯ ಗೊತ್ತೇ ಇರಲಿಲ್ಲ. ಮೊದಲ ಸಾಲು ನನ್ನ ಕೈಯೇ ಬರೆದದ್ದು. ಗಡ್ಡೆ ತಾನಾಗಿ ಕರಗಿದರೆ ಆಪರೇಷನ್ ಬೇಡ, ಆಪರೇಷನ್ ಇಲ್ಲದಿದ್ದರೆ ಮೂರನೇ ಪೇಪರು ಬರೆಯಬಹುದು. ನಿಜ ಹೇಳಬೇಕೆಂದರೆ ಪವಾಡ ಬೇಕಾಗಿದ್ದು ನನ್ನ ಪರೀಕ್ಷೆಯ ವೇಳಾಪಟ್ಟಿಗೆ. ಬಟ್ಟೆಯ ಗಂಟಿನ ಸಮೇತ ಸರವನ್ನು ಕವರಿಗೆ ಹಾಕಿದೆ. ಸಣ್ಣದನ್ನು ಬಿತ್ತಿ ದೊಡ್ಡದನ್ನು ಕೇಳಬಾರದಲ್ಲ.

ಪಾಸ್ಟರು ನನ್ನ ತಲೆಯ ಮೇಲೆ ಕೈ ಇಟ್ಟರು. ಮೆತ್ತನೆಯ ಕೈ, ಅತ್ತರಿನ ವಾಸನೆ. "ಬಿತ್ತಿದ ಮ್ಯಾಲ ಕೆದರಿ ನೋಡಬ್ಯಾಡ ತಂಗಿ. ಮತ್ತ ಡಾಕ್ಟರ್ ಹತ್ರ ಓಡಿದ್ರ ಮಣ್ಣು ಕೆದರಿ ಬೀಜ ತೆಗೆದಂಗ" ಅಂದರು.

ಊರಿಗೆ ಬಂದು ಮೂರು ಸುಳ್ಳು ಹೇಳಿದೆ. ಸರ ಮಾರಿದ ರೊಕ್ಕ ಅತ್ತೆಯ ಹತ್ತಿರ ಇದೆ ಎಂದು ಅವ್ವನಿಗೆ. ಆಸ್ಪತ್ರೆಯವರೇ ತಾರೀಖು ಮುಂದೆ ಹಾಕಿದ್ದಾರೆ ಎಂದು ಅವ್ವನಿಗೂ, ಫೋನಿನಲ್ಲಿ ಗಾಣಗಾಪುರದಲ್ಲಿದ್ದ ಅಪ್ಪನಿಗೂ. ದೇವರು ನಡೆಸುತ್ತಿದ್ದಾನೆ ಎಂದು ನನಗೆ ನಾನೇ.

ಅವ್ವ ನನ್ನ ಮುಖ ಸ್ವಲ್ಪ ಹೊತ್ತು ನೋಡಿದಳು. "ಚಲೋ ಆತು ಬಿಡು. ನಿನ್ನ ಪರೀಕ್ಷಿ ಮುಗೀಲಿ. ಇಷ್ಟು ದಿನ ಹೊತ್ತದ್ದು ಇನ್ನೊಂದು ತಿಂಗಳ ಹೊರಾಕ ಬರೂದಿಲ್ಲೇನು?" ಅಂದಳು. ಅವಳಿಗೆ ನನ್ನ ಸುಳ್ಳು ತಿಳಿಯಿತೋ ಇಲ್ಲವೋ ನನಗೆ ಗೊತ್ತಿಲ್ಲ. ಮರುದಿನದಿಂದ ದಿನಾ ಕೇಳುತ್ತಿದ್ದೆ, ನೋವು ಹೇಗಿದೆ ಎಂದು. ದಿನಾ ಹೇಳುತ್ತಿದ್ದಳು, "ಹಗರ ಆದಂಗ ಆಗ್ಯದ, ನೀ ಓದು." ನಾನು ಅದನ್ನು ಬೀಜ ಮೊಳೆತ ಗುರುತು ಎಂದು ನಂಬಿದೆ. ನಂಬುವುದರಿಂದ ನನಗೆ ಲಾಭವಿತ್ತು.

ಡಾಕ್ಟರು ಕೊಟ್ಟ ತಾರೀಖಿನ ದಿನ ನಾನು ಮನೆಯ ಕಟ್ಟೆಯ ಮೇಲೆ ಕೂತು ಮೂರನೇ ಪೇಪರಿಗೆ ಓದಿದೆ. ಒಳಗೆ ಅವ್ವ ಗೋಡೆಗೆ ಬೆನ್ನು ಕೊಟ್ಟು ಮೊಣಕಾಲು ಹೊಟ್ಟೆಗೆ ಒತ್ತಿಕೊಂಡು ಕೂತಿದ್ದಳು. ನಾನು ತಿರುಗಿ ನೋಡಿದಾಗಲೆಲ್ಲ ಕಾಲು ಚಾಚುತ್ತಿದ್ದಳು.

ಎಲ್ಲ ಪೇಪರು ಮುಗಿಸಿ ಬಂದ ದಿನ ಅವಳ ಕಣ್ಣಿನ ಬಿಳಿ ಭಾಗ ಹಳದಿ ಆಗಿತ್ತು. ಅಪ್ಪ ಅವಳನ್ನು ಎತ್ತಿಕೊಂಡೇ ಚೌಡಾಪುರದವರೆಗೆ ನಡೆದ. ಕಲಬುರಗಿಯಲ್ಲಿ ಅದೇ ಡಾಕ್ಟರು ಅದೇ ಕಾಗದ ನೋಡಿದರು. ಅವರು ಬೈಯಲಿಲ್ಲ. "ಆ ತಾರೀಖಿಗೆ ಯಾಕೆ ಬರಲಿಲ್ಲ?" ಎಂದು ಕೇಳಿದರು.

ಅಪ್ಪ ಅಂದ, "ನೀವ ಮುಂದ ಹಾಕಿದ್ರಲ್ರಿ."

"ನಾವು ಹಾಕಿಲ್ಲಪ್ಪ."

ಅಪ್ಪ ನನ್ನ ಕಡೆ ತಿರುಗಿದ. ನಾನು ನೆಲದ ಟೈಲ್ಸು ನೋಡಿದೆ.

ಅವ್ವ ಹನ್ನೊಂದು ದಿನ ಇದ್ದಳು. ಹನ್ನೊಂದು ದಿನವೂ ವಾರ್ಡಿನಲ್ಲಿ ನಾನೇ ಉಳಿದೆ. ಆಗ ನನಗೆ ಯಾವ ಪೇಪರೂ ಇರಲಿಲ್ಲ.

ಮಣ್ಣು ಮಾಡುವ ಮುಂಚೆ ಓಣಿಯ ಹೆಂಗಸರು ಅವ್ವನಿಗೆ ಹೊಸ ಸೀರೆ ಉಡಿಸಿದರು. ಒಬ್ಬಳು, "ಬೋರಮಾಳ ಎಲ್ಲದ? ಒಂದ ಗಳಿಗಿ ಕೊಳ್ಳಾಗ ಹಾಕಿ ತಗೀರಿ, ಹಬ್ಬಕ್ಕ ಹಾಕೋತಿದ್ಳು" ಅಂದಳು. ಅತ್ತೆ ಅಲ್ಲೇ ಇದ್ದಳು, ಸೆರಗು ಬಾಯಿಗೆ ತುರುಕಿಕೊಂಡಳು. ಬರಿ ಕೊರಳಿನಲ್ಲಿ ಅವ್ವ ಹೋದಳು.

ಗೌಡರು ಸ್ಮಶಾನದವರೆಗೆ ಬಂದಿದ್ದರು. ಬೇಲಿಯ ಹೊರಗೆ ನಿಂತಿದ್ದವರು, ಎಲ್ಲ ಮುಗಿದ ಮೇಲೆ ಅಪ್ಪನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದರು, "ನನ್ನ ತಲಿನೋವು ಸುಳ್ಳಿತ್ತೋ."

"ಗೊತ್ತಿತ್ರಿ."

"ಗೊತ್ತಿದ್ದೂ ಕೈ ಇಡ್ತಿದ್ದೇನು?"

"ನೋವು ಸುಳ್ಳಿದ್ರೂ ತಲಿ ಖರೇನ ಇತ್ತಲ್ರಿ" ಅಂದ ಅಪ್ಪ.

ಮೂರನೇ ದಿನ ನನ್ನನ್ನು ಕೇಳಿದ. "ಸರ ಯಾವ ಪತ್ತಾರಗ ಕೊಟ್ಟಿ? ಇನ್ನೂ ಕರಗಿಸಿಲ್ಲಂದ್ರ ದುಡದು ಬಿಡಿಸಿಕೊಂಡು ಬರ್ತೇನಿ. ಆಕಿ ನೆನಪಿಗಿ ಇರಲಿ."

ಆಗ ಹೇಳಿದೆ. ಶೆಡ್ಡು, ಕವರು, ಬೀಜ, ತಾರೀಖಿನ ಸುಳ್ಳು. ಚೀಟಿಯಲ್ಲಿ ಏನು ಬರೆದೆ ಎಂಬುದನ್ನು ಮಾತ್ರ ಹೇಳಲಿಲ್ಲ. ಅವ್ವನಿಗಾಗಿ ಕೊಟ್ಟೆ ಎಂದೆ.

ಅಪ್ಪ ಬಹಳ ಹೊತ್ತು ಅಂಗೈಯ ಬಿರುಕುಗಳನ್ನು ಉಜ್ಜಿಕೊಂಡ. "ನಾ ಕೂಲಿ ಬಿಟ್ಟೆ, ನೀ ಸರ ಬಿಟ್ಟಿ. ನಾ ಬಿಟ್ಟಿದ್ದು ತಿರುಗಿ ಏನೂ ಬರಬಾರದಂತ. ನೀ ಬಿಟ್ಟಿದ್ದು ತಿರುಗಿ ಬರಲಂತ. ಆಕಿ ಸಲುವಾಗಿ ಬಿಟ್ಟಿ, ಅದಕ್ಕ ನಾ ಏನೂ ಅನ್ನೂದಿಲ್ಲ" ಅಂದ.

ಅವನು ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ. ಆಕಿ ಸಲುವಾಗಿ ಎಂಬ ಮಾತನ್ನು ತಡೆದುಕೊಳ್ಳಲು ಆಗಲಿಲ್ಲ. ಕೊಡ ಎತ್ತಿಕೊಂಡು ನೀರಿಗೆ ಹೋದೆ.

ರಿಸಲ್ಟು ಬಂತು. ಫಸ್ಟ್ ಕ್ಲಾಸ್. ಅದಾದ ವಾರದಲ್ಲಿ ಆಳಂದದ ಪಾಸ್ಟರ ಫೋನು.

"ನಿನ್ನ ಚೀಟಿ ಫೈಲಿನಾಗ ಅದ ತಂಗಿ. ನಂಬರ್ ಒಂದು ಪೂರಾ ಆತು ನೋಡು. ನಂಬರ್ ಎರಡು ದೇವರ ಚಿತ್ತ, ನಾವು ಕೇಳಾಕ ಬರೂದಿಲ್ಲ. ಸರ್ಟಿಫಿಕೇಟ್ ಕೈಗಿ ಬಂದ ದಿನ ಸೀದಾ ಇಲ್ಲಿಗಿ ಬಾ. ನನ್ನ ಕೈಯಾಗ ಕೊಡು, ಸ್ಟೇಜ್ ಮ್ಯಾಲ ಪ್ರಾರ್ಥನಿ ಮಾಡಿ ನಾ ನಿನಗ ಕೊಡ್ತೇನಿ. ನೀ ನಾಲ್ಕು ಮಾತು ಸಾಕ್ಷಿ ಹೇಳು. ವಿಡಿಯೋ ಆಗ್ತದ. ಮತ್ತ ನಾವು ನಡಸೋ ಸ್ಕೂಲಿಗಿ ಒಬ್ಬರು ಟೀಚರ್ ಬೇಕಾಗ್ಯಾರ."

ನಾನು ಆಗುವುದಿಲ್ಲ ಎಂದೆನೇ? ಇಲ್ಲ. "ನೋಡ್ತೇನ್ರಿ" ಎಂದೆ. ಡಿಗ್ರಿ ಇತ್ತು, ಕೆಲಸ ಇರಲಿಲ್ಲ. ಸಾಕ್ಷಿ ಹೇಳಬೇಕಾದ ಮಾತುಗಳನ್ನು ಎರಡು ಸಲ ಮನಸ್ಸಿನಲ್ಲಿ ಜೋಡಿಸಿಯೂ ನೋಡಿದೆ. ಚೆನ್ನಾಗಿ ಕೂಡಿಬಂದವು. ಅವ್ವನನ್ನು ಬಿಟ್ಟು ಹೇಳಿದರೆ ಕಥೆ ಎಲ್ಲೂ ಎಡವುತ್ತಿರಲಿಲ್ಲ.

ಮರುವರ್ಷ ಕಾಲೇಜಿನಿಂದ ಸರ್ಟಿಫಿಕೇಟ್ ಬಂದಿದೆ ಎಂದು ತಿಳಿಸಿದರು. ಆ ದಿನ ಬೆಳಿಗ್ಗೆ ನಾನು ಅಫಜಲಪುರದಲ್ಲಿ ಬಸ್ಸಿನಿಂದ ಇಳಿಯುವ ಹೊತ್ತಿಗೆ ಅತ್ತೆ ಸ್ಟ್ಯಾಂಡಿನಲ್ಲಿ ನಿಂತಿದ್ದಳು, ಇಸ್ತ್ರಿ ಸೀರೆ ಉಟ್ಟು. ಪಾಸ್ಟರು ಕಳಿಸಿದ್ದರು. "ಚೌಡಾಪುರದಾಗ ಗಾಡಿ ನಿಂತದ, ಮಧ್ಯಾಹ್ನದ ಸಭಾಕ್ಕ ಮುಟ್ಟಬೇಕು" ಅಂದಳು.

ಆಫೀಸಿನ ಕೌಂಟರಿನಲ್ಲಿ ಗುಮಾಸ್ತರು ರಿಜಿಸ್ಟರಿನಲ್ಲಿ ಸಹಿ ಮಾಡಿಸಿಕೊಂಡು ಕಿಂಡಿಯೊಳಗಿಂದ ಸರ್ಟಿಫಿಕೇಟ್ ಕೊಟ್ಟರು. "ಮನ್ಯಾಗ ಮೊದಲನೇವ್ರೇನು?" ಎಂದು ಕೇಳಿದರು. ಹೌದ್ರಿ ಎಂದೆ. ಮೊದಲನೇ ಎಂಬ ಆ ಮಾತಿಗೆ ನನಗೆ ಗುಲಾಬಿ ಚೀಟಿ ನೆನಪಾಯಿತು. ಹೆಮ್ಮೆಯೂ ಆಯಿತು, ನಾಚಿಕೆಯೂ ಆಯಿತು. ಎರಡೂ ಒಟ್ಟಿಗೇ.

ಚೌಡಾಪುರದಲ್ಲಿ ಬಿಳಿ ಕಾರು ನಿಂತಿತ್ತು. ಡ್ರೈವರು ಹಿಂದಿನ ಬಾಗಿಲು ತೆಗೆದ. ನನ್ನ ಆಯುಷ್ಯದಲ್ಲಿ ಯಾರೂ ನನಗೆ ಕಾರಿನ ಬಾಗಿಲು ತೆಗೆದಿರಲಿಲ್ಲ. ನಾನು ಅವನಿಗೆ, "ಈ ಡಿಗ್ರಿ ಅವರ ಶೆಡ್ಡಿನಿಂದ ಬಂದದ್ದಲ್ಲ ಅಂತ ಹೇಳ್ರಿ ಪಾಸ್ಟರಿಗಿ" ಎಂದು ಹೇಳಿ ಊರಿನ ದಾರಿ ಹಿಡಿದೆ.

"ಏ ಬೇ! ತಲಿ ಕೆಟ್ಟದೇನು? ನೌಕರಿ ಕೊಡ್ತೇನಿ ಅಂದಾರ!" ಅತ್ತೆ ಹಿಂದಿನಿಂದ ಕೂಗಿದಳು. ಸ್ವಲ್ಪ ಹೊತ್ತಿಗೆ ಅವಳ ಚಪ್ಪಲಿಯ ಸಪ್ಪಳ ಹಿಂದೆಯೇ ಬಂತು. ಊರು ಮುಟ್ಟುವವರೆಗೂ ಅದು ನಿಲ್ಲಲಿಲ್ಲ.

ಅಪ್ಪ ಪ್ರಾರ್ಥನಾಮಂದಿರದ ಗೋಡೆಗೆ ಸುಣ್ಣ ಹಚ್ಚುತ್ತಿದ್ದ. ನನ್ನ ಕೈಯಲ್ಲಿದ್ದ ಕವರು ನೋಡಿ ಏಣಿಯಿಂದ ಇಳಿದ. "ಬಂತೇನು? ತಡಿ ತಡಿ, ಕೈ ಸುಣ್ಣ ಅದ" ಎಂದು ಬಕೆಟ್ಟಿನಲ್ಲಿ ಮೊಣಕೈವರೆಗೆ ತೊಳೆದು, ಧೋತರದ ಒಣ ತುದಿಗೆ ಒರೆಸಿಕೊಂಡು ಎರಡೂ ಕೈ ಚಾಚಿದ.

"ಅಪ್ಪ, ತಗೋಳೋದಕ್ಕ ಮೊದ್ಲ ಒಂದು ಮಾತು ಕೇಳು. ಸರ ಕೊಟ್ಟ ದಿನ ಚೀಟಿ ಬರೆದಿದ್ದೆ. ಒಂದನೇ ಸಾಲಿನಾಗ ಅವ್ವನ ಹೆಸರು ಇದ್ದಿಲ್ಲ. ನನ್ನ ಡಿಗ್ರಿ ಅಂತ ಬರೆದಿದ್ದೆ. ಅವ್ವ ಎರಡನೇ ಸಾಲಿನಾಗ ಇದ್ಳು. ಆಕಿ ಸಲುವಾಗಿ ಕೊಟ್ಟೆ ಅಂದಿದ್ದು ಸುಳ್ಳು."

ಚಾಚಿದ ಕೈ ಹಾಗೆಯೇ ಇತ್ತು. ಮೊಣಕೈಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಅವನು ನನ್ನನ್ನು ನೋಡುತ್ತಿರಲಿಲ್ಲ, ಅರ್ಧ ಬಿಳಿಯಾದ ಗೋಡೆಯನ್ನು ನೋಡುತ್ತಿದ್ದ. "ಇಷ್ಟು ದಿನ ಒಬ್ಬಾಕಿನ ಇಟ್ಕೊಂಡಿದ್ದೇನು ಇದನ್ನ?" ಎಂದು ಕೇಳಿದ. ಆಮೇಲೆ ಕೈಯನ್ನು ಇನ್ನೊಮ್ಮೆ ಒರೆಸಿಕೊಂಡು, "ಕೊಡು" ಅಂದ.

ಕೊಟ್ಟೆ. ಅಂಚು ಮಾತ್ರ ಹಿಡಿದುಕೊಂಡು ಅಕ್ಷರದ ಕೆಳಗೆ ಬೆರಳಿಟ್ಟು ನನ್ನ ಹೆಸರು ಓದಿದ. ತೊಳೆದರೂ ಹೋಗದ ಸುಣ್ಣ ಅಂಚಿಗೆ ಅಂಟಿತು. ಅದು ಈಗಲೂ ಇದೆ.

ಅತ್ತೆ ಮೆಟ್ಟಿಲ ಮೇಲೆ ಕುಸಿದು ಕೂತಿದ್ದಳು. ಇಸ್ತ್ರಿ ಸೀರೆಗೆ ಸುಣ್ಣ ಹತ್ತುವುದನ್ನೂ ನೋಡಲಿಲ್ಲ.

"ಅಣ್ಣ, ಅವತ್ತ ನಾನೂ ಒಂದು ಚೀಟಿ ಬರಿಸಿದ್ದೆ" ಅಂದಳು. "ಕಾಲಾಗಿನ ಚೈನ್ ಹಾಕಿ ಬರಿಸಿದ್ದೆ. ಈಕಿ ಪರೀಕ್ಷಿ ತಪ್ಪಲಿ, ನನ್ನ ಮನಿಗಿ ಸೊಸಿ ಆಗಿ ಬರಲಿ ಅಂತ. ನಂದೂ ಅದ ಒಂದನೇ ಸಾಲಿನಾಗ ಇತ್ತು. ವೈನಿ ನನ್ನ ಚೀಟ್ಯಾಗ ಎರಡನೇದಾಗೂ ಇದ್ದಿಲ್ಲ."

ಅಪ್ಪ ಕಾಗದದಿಂದ ಕಣ್ಣು ತೆಗೆಯಲಿಲ್ಲ. ಅತ್ತೆ ನನ್ನ ಕಡೆ ತಿರುಗಿದಳು.

"ಎಮ್ಮಿ ನನ್ನ ಮಗನ್ನ ಒದ್ದೇ ಇದ್ದಿಲ್ಲ ಬೇ. ದಿನಾ ಅವನೇ ಹಿಂಡ್ತಿದ್ದ."